ಹಂಚಿನಿಂದ ತಾಟಿಗೆ

ನಮ್ಮ ಗುಳೇದಗುಡ್ಡದವರಿಗೆ ಊರಲ್ಲೇ ಹೊರಗೆ ಉಣ್ಣುವ ರೂಢಿ ಇರಲಿಲ್ಲ. ಮನೆಯಲ್ಲೇ ಮಗ್ಗ, ಮನೆಯಲ್ಲೇ ಒಲೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು ಹೊತ್ತಾದಾಗ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಊಟ. ಖಾನಾವಳಿಗಳು ನಡೆಯುತ್ತಿದ್ದದ್ದು ಪರವೂರಿನವರಿಂದ. ಕುಬಸದ ಖಣ ಕೊಳ್ಳಲು ಮಹಾರಾಷ್ಟ್ರದ ಕಡೆಯಿಂದ ಬರುವ ವ್ಯಾಪಾರಿಗಳು, ನೂಲಿನ ದಲಾಲರು, ವರ್ಗವಾಗಿ ಬಂದ ಮಾಸ್ತರರು, ಬ್ಯಾಂಕಿನವರು. ಎಂಬತ್ತರ ದಶಕದಲ್ಲಿ ಖಣದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದ ನನಗೆ, ಬಂದ ವ್ಯಾಪಾರಿಗಳನ್ನು ಊಟಕ್ಕೆ ಕರೆದೊಯ್ಯುವ ಕೆಲಸವೂ ಬಂತು. ತೇರು, ಆನೆಹೆಜ್ಜೆ, ಸಿದ್ಧೇಶ್ವರ ಮುಕುಟ ಎಂದು ಖಣದ ನಮೂನೆಗಳನ್ನು ಬಿಡಿಸಿ ತೋರಿಸಿ, ದರ ಕುದುರಿದ ಮೇಲೆ ಸೀದಾ ಖಾನಾವಳಿಗೆ. ಅರ್ಧ ಮಾತುಕತೆ ಅಲ್ಲೇ ಮುಗಿಯುತ್ತಿತ್ತು.

ಖಾನಾವಳಿ ಎಂದರೆ ಬೇರೆ ಕಟ್ಟಡವೇನಲ್ಲ, ಯಾರದೋ ಮನೆಯ ಪಡಸಾಲೆ. ಬಾಗಿಲ ಮೇಲೆ ‘ಲಿಂಗಾಯತ ಖಾನಾವಳಿ’ ಎಂದು ಬರೆದಿದ್ದರೆ ಶಾಖಾಹಾರ ಎಂದು ಎಲ್ಲರಿಗೂ ಗೊತ್ತು. ತಾಟಿನಲ್ಲಿ ಮೊದಲು ಶೇಂಗಾ ಹಿಂಡಿ, ಅಗಸಿ ಹಿಂಡಿ, ಅದರ ಮೇಲೆ ಎಣ್ಣೆ ಅಥವಾ ಗಟ್ಟಿ ಮೊಸರು. ಕಾಳಿನ ಪಲ್ಯ ಒಂದು, ತಪ್ಪಲ ಪಲ್ಯ ಒಂದು. ಚಳಿಗಾಲದಲ್ಲಿ ಎಳೆ ಮುಳಗಾಯಿಯ ಎಣ್ಣೆಗಾಯಿ. ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪು, ಗಜ್ಜರಿ. ಅನ್ನ ಕೊನೆಗೆ, ಸಾರಿಗೆ ಬೇಕಾಗುವಷ್ಟು ಮಾತ್ರ. ಆದರೆ ಜನ ಅಲ್ಲಿಗೆ ಬರುತ್ತಿದ್ದದ್ದು ರೊಟ್ಟಿಗೆ. ಒಳಗೆ ಒಲೆಯ ಮುಂದೆ ಇಬ್ಬರು ಹೆಣ್ಣುಮಕ್ಕಳು ಬಡಿಯುತ್ತಲೇ ಇರುವ ಸಪ್ಪಳ. ‘ಅಕ್ಕಾ, ರೊಟ್ಟಿ’ ಎಂದು ಕೂಗಿದರೆ ಹಂಚಿನಿಂದ ಎತ್ತಿದ್ದು ನೇರ ತಾಟಿಗೆ ಬೀಳುತ್ತಿತ್ತು.

ಈ ರೊಟ್ಟಿಯ ಕಷ್ಟ ತಿಳಿಯದವರಿಗೆ ಹೇಳಬೇಕು. ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನ ಅಂಟು ಇಲ್ಲ. ಕುದಿಯುವ ಎಸರು ಹಾಕಿ, ಕೈ ಸುಟ್ಟುಕೊಳ್ಳುತ್ತಲೇ ನಾದಿದಾಗ ಮಾತ್ರ ಕೂಡಿಕೊಳ್ಳುತ್ತದೆ. ಬೀಸಿ ಬಹಳ ದಿನವಾಗಿದ್ದರೆ ಹಿಟ್ಟಿನ ಜಿಗಿ ಹೋಗಿ, ಬಡಿಯುವಾಗಲೇ ಅಂಚು ಒಡೆಯುತ್ತದೆ. ಹಂಚಿಗೆ ಹಾಕಿ, ಮೇಲೆ ನೀರಿನ ಅರಿವೆ ಸವರಿ, ತಿರುವಿ, ಕಡೆಗೆ ಒಲೆಯ ಬಾಯಿಗೆ ಆನಿಸಿದಾಗ ಉಬ್ಬುತ್ತದೆ. ಉಬ್ಬಿದ ರೊಟ್ಟಿಗೆ ಕಾಯುವ ಪುರುಸೊತ್ತಿಲ್ಲ. ಹೊತ್ತು ಹೋದಂತೆ ನಾರಿನಂತಾಗುತ್ತದೆ. ಹಾಗಾಗಿ ಬಿಸಿ ರೊಟ್ಟಿ ಕೊಡಬೇಕಾದರೆ ಉಣ್ಣುವವನು ಕೂತ ಹೊತ್ತಿಗೇ ಬಡಿಯುವವಳು ಒಲೆಯ ಮುಂದೆ ಇರಬೇಕು. ಇಂಥ ಹೊತ್ತಿಗೆ ಇಷ್ಟು ಜನ ಎಂದು ಮೊದಲೇ ಗೊತ್ತಿರಬೇಕು. ತಿಂಗಳ ಲೆಕ್ಕದ ಗಿರಾಕಿಗಳಿದ್ದುದರಿಂದ ಹಳೆಯ ಖಾನಾವಳಿಗೆ ಅದು ಗೊತ್ತಿತ್ತು. ಖಾನಾವಳಿಯ ನಿಜವಾದ ಬಂಡವಾಳ ಅದೇ ಎಂದು ನನಗೆ ಈಗ ಅನ್ನಿಸುತ್ತದೆ.

ಬಟ್ಟೆಯ ಗಂಟು ಹಿಡಿದು ಹುಬ್ಬಳ್ಳಿ, ಗದಗ ಕಡೆ ಹೋದಾಗ ಸಾವಜಿ ಖಾನಾವಳಿಗಳನ್ನೂ ಕಂಡೆ. ಅವರೂ ಮೂಲತಃ ರೇಷ್ಮೆ ನೇಯುವ ಪಟ್ಟೇಗಾರರು. ಗದಗ-ಬೆಟಗೇರಿಯಲ್ಲಿ ಮಗ್ಗದ ಸಪ್ಪಳವೂ ಮಾಂಸದ ಮಸಾಲೆಯ ಘಮವೂ ಒಂದೇ ಓಣಿಯಲ್ಲಿ. ನೇಕಾರರ ಊರುಗಳಿಗೆ ಅನ್ನ ಮಾರುವ ವಿದ್ಯೆ ಬಂದದ್ದು ಬಟ್ಟೆ ಮಾರುವ ವಿದ್ಯೆಯ ಬೆನ್ನಿಗೇ ಇರಬೇಕು.

ಇದಕ್ಕೆಲ್ಲ ಹೊರತಾದ ಜಾಗವೊಂದು ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿದೆ. ಬನಶಂಕರಿ ಗುಡಿಯ ಹೊಂಡದ ಸುತ್ತ, ಹೆಣ್ಣುಮಕ್ಕಳು ಮನೆಯಿಂದ ಬುಟ್ಟಿಯಲ್ಲಿ ಊಟ ಕಟ್ಟಿ ತಂದು ಮಾರುತ್ತಾರೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಾಳು, ಕೆಂಪು ಖಾರ, ಸಣ್ಣ ಮಣ್ಣಿನ ಕುಡಿಕೆಯಲ್ಲಿ ಮೊಸರು. ಬೋರ್ಡಿಲ್ಲ, ಮೇಜಿಲ್ಲ. ‘ಬಾ ತಮ್ಮಾ, ಉಂಡು ಹೋಗು’ ಎಂದು ಕರೆಯುವ ಅವ್ವನ ಮುಂದೆ ನೆಲದ ಮೇಲೆ ಕೂತರೆ ಆಯಿತು. ಶಾಕಾಂಬರಿ ಎಂದು ಕರೆಸಿಕೊಳ್ಳುವ ದೇವಿಗೆ ಬನದ ಹುಣ್ಣಿಮೆಯ ಹೊತ್ತಿಗೆ 108 ಬಗೆಯ ಕಾಯಿಪಲ್ಯ ನೈವೇದ್ಯ ಮಾಡುವ ಪದ್ಧತಿ ಇದೆ. ಆ ಜಾತ್ರೆಯಲ್ಲಿ ನಾಟಕ ಕಂಪನಿಗಳ ತಂಬುಗಳು ವಾರಗಟ್ಟಲೆ ನಿಲ್ಲುತ್ತವೆ. ಆಟ ಬಿಟ್ಟ ಮೇಲೆ ನಟ್ಟಿರುಳಲ್ಲಿ ತಿಂದ ಮಿರ್ಚಿ ಭಜಿ, ಗಿರಮಿಟ್ಟಿನ ರುಚಿಯೇ ಬೇರೆ. ದೇಶ ಸುತ್ತಿ ಬಂದವರು ಎಲ್ಲಿ ಉಣ್ಣಬೇಕೆಂದು ಕೇಳಿದರೆ ನಾನು ಮೊದಲು ಹೇಳುವ ಹೆಸರು ಇಂದಿಗೂ ಬನಶಂಕರಿಯ ಹೊಂಡದ ದಂಡೆ.

ಬದಲಾವಣೆ ಹಲವು ದಿಕ್ಕಿನಿಂದ ಬಂತು. ಖಣದ ಬೇಡಿಕೆ ಇಳಿಯಿತು, ರವಿಕೆಗೆ ಬೇರೆ ಬಟ್ಟೆ ಬಂತು, ಮಗ್ಗಗಳು ಒಂದೊಂದಾಗಿ ನಿಂತವು. ವ್ಯಾಪಾರಿಗಳ ಓಡಾಟ ಕಡಿಮೆಯಾದಂತೆ ಖಾನಾವಳಿಗಳ ತಿಂಗಳ ಲೆಕ್ಕದ ಪುಸ್ತಕವೂ ತೆಳ್ಳಗಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿಗಳು ಮುಳುಗಡೆಯಾಗಿ ನವನಗರ ಎದ್ದಿತು. ಕಚೇರಿಯ ಜನ ಅಲ್ಲಿ, ಊಟದ ಮನೆಗಳೂ ಅಲ್ಲಿಗೇ. ಹುನಗುಂದ, ಇಳಕಲ್ ಹಾದು ಹೋಗುವ ಹೆದ್ದಾರಿ ಅಗಲವಾದ ಮೇಲೆ ದಾಬಾಗಳು ಬಂದವು. ಗೋದಿ ರೊಟ್ಟಿ, ದಾಲ್ ಫ್ರೈ ನಮ್ಮ ಹುಡುಗರ ಬಾಯಿಗೆ ಹತ್ತಿದವು. ಸಂಜೆಯಾದರೆ ಎಗ್ ರೈಸ್, ಗೋಬಿ ಮಂಚೂರಿಯ ಗಾಡಿಗಳು. 2013ರ ಅನ್ನಭಾಗ್ಯದ ಅಕ್ಕಿ ಮನೆಮನೆಗೆ ಬಂದ ಮೇಲೆ ಅನ್ನ ತಾಟಿನ ಮೂಲೆ ಬಿಟ್ಟು ನಡುವಿಗೆ ಬಂತು. ಹಸಿದವರ ಮನೆಗೆ ಅಕ್ಕಿ ಬಂದದ್ದನ್ನು ನಾನು ಎಂದೂ ಹಳಿಯಲಾರೆ. ಅಮೀನಗಡದ ಕರದಂಟು ಮಾತ್ರ ಇದೆಲ್ಲದರ ನಡುವೆಯೂ ಹೆಸರು ಉಳಿಸಿಕೊಂಡಿದೆ. ತಿಂಗಳಾದರೂ ಕೆಡದ ತಿನಿಸಿಗೆ ದಾರಿಹೋಕರ ವ್ಯಾಪಾರ ಅನುಕೂಲ.

ರೊಟ್ಟಿಗೆ ಆ ಅನುಕೂಲ ಇಲ್ಲ. ಬಾದಾಮಿ, ಪಟ್ಟದಕಲ್ಲು ನೋಡಲು ಬರುವ ಪ್ರವಾಸಿಗಳು ಒಂದು ದಿನ ಮೂರು ಬಸ್ಸು, ಇನ್ನೊಂದು ದಿನ ಯಾರೂ ಇಲ್ಲ. ಇಂಥ ಲೆಕ್ಕಕ್ಕೆ ಒಲೆಯ ಮುಂದೆ ಹೆಂಗಸರನ್ನು ಕೂಡಿಸಲು ಮಾಲೀಕನಿಗೆ ಆಗುವುದಿಲ್ಲ. ಅದಕ್ಕೇ ಮೆಲ್ಲಗೆ ಖಡಕ್ ರೊಟ್ಟಿ ತಾಟಿಗೆ ಬಂತು. ಒಣಗಿಸಿಟ್ಟರೆ ವಾರಗಟ್ಟಲೆ ಇರುತ್ತದೆ, ಯಾವಾಗ ಬೇಕಾದರೂ ಕೊಡಬಹುದು. ಒಂದು ಕಾಲಕ್ಕೆ ಬುತ್ತಿಗೆ, ದೂರದ ಪ್ರಯಾಣಕ್ಕೆ ಇದ್ದದ್ದು ಈಗ ಕೂತು ಉಣ್ಣುವ ಊಟವಾಗಿದೆ.

ಇದರಲ್ಲಿ ನಷ್ಟವೊಂದೇ ಇಲ್ಲ. ರೊಟ್ಟಿ ಕೇಂದ್ರಗಳಲ್ಲಿ ಇಂದು ನಮ್ಮ ಹೆಣ್ಣುಮಕ್ಕಳು ತಮ್ಮ ಹೆಸರಿನಲ್ಲೇ ದುಡಿಯುತ್ತಾರೆ. ಅವರು ಕಟ್ಟಿದ ರೊಟ್ಟಿಯ ಕಟ್ಟುಗಳು ಹುಬ್ಬಳ್ಳಿ, ಬೆಂಗಳೂರಿನವರೆಗೆ ಹೋಗುತ್ತವೆ. ಖಾನಾವಳಿಯ ಒಳಮನೆಯಲ್ಲಿ ಹೊಗೆ ಕುಡಿಯುತ್ತ ಬಡಿದವಳ ಕೂಲಿ ಎಷ್ಟಿತ್ತೆಂದು ಲೆಕ್ಕ ಬರೆಯುತ್ತಿದ್ದ ನಾನೂ ಅಂದು ಕೇಳಿದ್ದಿಲ್ಲ, ಅಂಗಡಿಯಲ್ಲಿ ಯಾರೂ ಕೇಳಿದ್ದಿಲ್ಲ. 2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು, ಜೋಳಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಪೇಟೆಯಲ್ಲಿ ರೊಟ್ಟಿಗೆ ಮಾನ ಬಂದರೆ ಬಡಿಯುವವಳ ಕೈಗೂ ಹಣ ಬರಲಿ ಎಂಬುದೇ ನನ್ನ ಹಂಬಲ.

ಈಚೆಗೆ ನಮ್ಮ ಊರಿನ ಖಾನಾವಳಿಯವರೊಬ್ಬರಿಗೆ, ಬಿಸಿ ರೊಟ್ಟಿಗೆ ಬೇರೆ ದರ ಇಡಿ ಎಂದೆ. ‘ಗಿರಾಕಿ ಕೊಡ್ತಾರೇನ್ರಿ ಕಾಕಾ?’ ಎಂದು ಕೇಳಿದರು. ಕೊಡುತ್ತಾರೆ. ಮುಟಗಿ ತಿಂದವರು ಕೊಡುತ್ತಾರೆ. ಹಂಚಿನಿಂದ ಆಗಷ್ಟೇ ಇಳಿದ ದಪ್ಪ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಉಪ್ಪು, ಎಣ್ಣೆ ಹಾಕಿ ಹಿಚುಕಿ ಕಟ್ಟುವ ಮುಟಗಿ ಖಡಕ್ ರೊಟ್ಟಿಯಲ್ಲಿ ಆಗುವಂಥದ್ದಲ್ಲ. ಈ ಕಡೆ ಬರುವವರಿಗೆ ನನ್ನದೊಂದು ಮಾತು. ಊಟಕ್ಕೆ ಎರಡು ತಾಸು ಮೊದಲೇ ಖಾನಾವಳಿಗೆ ಫೋನ್ ಮಾಡಿ, ಎಷ್ಟು ಮಂದಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಹೇಳಿ, ಹೇಳಿದ ಹೊತ್ತಿಗೇ ಬನ್ನಿ.