ತಡೆಯುವ ಕೈ

1949ನೆಯ ಇಸವಿಯಲ್ಲಿ ಅಮೆರಿಕಾದ ಟೆನೆಸೀ ಸಂಸ್ಥಾನದ ಓಕ್ ರಿಡ್ಜ್ ಪ್ರಯೋಗಶಾಲೆಯಲ್ಲಿ ಕೆಲವು ಗಂಡು ಇಲಿಮರಿಗಳು ವಿಚಿತ್ರವಾಗಿ ನರಳತೊಡಗಿದವು. ಅಣುಬಾಂಬಿನ ಸಿದ್ಧತೆಗೆಂದೇ ಕಟ್ಟಿದ ಊರು ಅದು. ವಿಕಿರಣವು ಸಂತಾನಕ್ಕೆ ಏನೇನು ಕೇಡು ತಂದೀತೆಂದು ಅರಿಯಲು ಅಲ್ಲಿ ಇಲಿಗಳನ್ನು ಹಿಂಡುಗಟ್ಟಲೆ ಸಾಕಿದ್ದರು. ಈ ಮರಿಗಳ ಪಾಡಿಗೆ ಮಾತ್ರ ವಿಕಿರಣ ಹೊಣೆಯಾಗಿರಲಿಲ್ಲ; ಪ್ರಕೃತಿಯೇ ಎಲ್ಲಿಯೋ ಕೈತಪ್ಪಿ ಬರೆದುಬಿಟ್ಟಿತ್ತು. ಮೈಯ ಚರ್ಮ ಹೊಟ್ಟುಹೊಟ್ಟಾಗಿ ಏಳುವುದು, ಗುಲ್ಮವೂ ದುಗ್ಧರಸದ ಗ್ರಂಥಿಗಳೂ ಊದಿಕೊಳ್ಳುವುದು, ಕೆಲವೇ ವಾರಗಳಲ್ಲಿ ಪ್ರಾಣ ಹೋಗುವುದು. ದೋಷವನ್ನು ಮರಿಗೆ ದಾಟಿಸಿದ ತಾಯಿ ಮಾತ್ರ ಆರೋಗ್ಯವಾಗಿಯೇ ಇರುತ್ತಿದ್ದಳು. ಹೊಟ್ಟೆದ್ದ ಮೈಯೆಂಬ ಅರ್ಥದಲ್ಲಿ ಅವಕ್ಕೆ ‘ಸ್ಕರ್ಫಿ’ ಎಂದು ಹೆಸರಿಟ್ಟು, ಆ ವಂಶವನ್ನು ಅಳಿಯಗೊಡದೆ ಕಾಪಾಡಿಕೊಂಡು ಬಂದರು. ಬಿಸಾಡಿದ್ದರೆ ಏಕೆಂದು ಕೇಳುವವರಿರಲಿಲ್ಲ.

ಮರಿಗಳನ್ನು ಕೊಲ್ಲುತ್ತಿದ್ದವರು ಯಾರೆಂಬುದು ತಿಳಿಯಲು ನಾಲ್ಕು ದಶಕಗಳೇ ಬೇಕಾದವು. ಹೊರಗಿನಿಂದ ಬಂದ ರೋಗಾಣು ಅಲ್ಲಿ ಒಂದೂ ಇರಲಿಲ್ಲ. ರೋಗಾಣುಗಳೊಡನೆ ಹೋರಾಡಬೇಕಾದ ಬಿಳಿಯ ರಕ್ತಕಣಗಳೇ, ಅದರಲ್ಲಿಯೂ ಟಿ-ಕಣಗಳೆಂಬ ಪಂಗಡವೇ, ಇಲಿಯ ಸ್ವಂತ ಅಂಗಾಂಗಗಳ ಮೇಲೆ ಬಿದ್ದು ಹಾಳುಗೆಡವುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಟಿ-ಕಣಗಳು ಎದೆಗೂಡಿನ ಮೇಲ್ಭಾಗದ ಥೈಮಸ್ ಗ್ರಂಥಿಯಲ್ಲಿ ಪಳಗುತ್ತವೆ. ತನ್ನ ಮೈಯನ್ನೇ ಕಚ್ಚಬಲ್ಲವುಗಳನ್ನು ಆ ಗರಡಿಯಲ್ಲಿಯೇ ಮುಗಿಸಿಬಿಡುವ ಏರ್ಪಾಡಿದೆ. ಆದರೂ ಕೆಲವು ತಪ್ಪಿಸಿಕೊಂಡು ಹೊರಬೀಳುತ್ತವೆ. ಅವುಗಳ ಕೈ ಹಿಡಿಯುವವರು ಯಾರು? ಈ ಪ್ರಶ್ನೆಯನ್ನು ಬಿಡದೆ ಬೆನ್ನಟ್ಟಿದವರು ಜಪಾನಿನ ಶಿಮೋನ್ ಸಕಾಗುಚಿ. ಹುಟ್ಟಿದ ಮೂರನೆಯ ದಿನ ಥೈಮಸ್ ಕಿತ್ತುಹಾಕಿದರೆ ಇಲಿಯ ರಕ್ಷಣಾಶಕ್ತಿ ಕುಂದಬೇಕು. ಹಾಗಾಗದೆ, ಅದು ಹುಚ್ಚೆದ್ದು ತನ್ನ ಮೈಯನ್ನೇ ತಿನ್ನತೊಡಗುತ್ತದೆ. ಸಕಾಗುಚಿಯವರು ಅದೇ ವಂಶದ ಆರೋಗ್ಯವಂತ ಇಲಿಯ ಟಿ-ಕಣಗಳನ್ನು ತೆಗೆದು ಇಂತಹ ಇಲಿಗೆ ಚುಚ್ಚಿದರು. ರೋಗ ಬರಲಿಲ್ಲ. ಹಾಗಾದರೆ ಟಿ-ಕಣಗಳ ಗುಂಪಿನಲ್ಲಿಯೇ ಜಗಳ ಬಿಡಿಸುವವೂ ಇವೆಯೆಂದಾಯಿತು.

ಕಾಲ ಮಾತ್ರ ಅವರಿಗೆ ಅನುಕೂಲವಾಗಿರಲಿಲ್ಲ. ‘ಅಡಗಿಸುವ ಕಣ’ಗಳ ವಿಷಯದಲ್ಲಿ ಹಿಂದೆ ಕೆಲವರು ದೊಡ್ಡ ಮಾತುಗಳನ್ನಾಡಿ, ಆಧಾರ ಸಿಕ್ಕದೆ ಪೇಚಿಗೆ ಸಿಲುಕಿದ್ದರು. ವಿದ್ವಾಂಸರ ನಡುವೆ ಆ ಹೆಸರೆತ್ತುವುದೇ ಮರ್ಯಾದೆಗೆ ಕುಂದೆನಿಸಿತ್ತು. ಪಂಡಿತರ ಸಭೆಯಲ್ಲಿ ಒಮ್ಮೆ ನಗೆಗೀಡಾದ ವಿಚಾರವನ್ನು ಮತ್ತೆ ಕೈಗೆತ್ತಿಕೊಳ್ಳಲು ಎಂಟೆದೆ ಬೇಕು. ಸಕಾಗುಚಿಯವರು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಕಣಗಳ ಗುರುತನ್ನು ಅರಸಿ, 1995ರಲ್ಲಿ ಪ್ರಕಟಿಸಿದರು: ಜಗಳ ಬಿಡಿಸುವ ಕಣದ ಮೈಮೇಲೆ ‘ಸಿಡಿ-25’ ಎಂಬ ಪ್ರೋಟೀನು ಒತ್ತಾಗಿರುತ್ತದೆ.

ಗುರುತೇನೋ ಸಿಕ್ಕಿತು. ಆದರೆ ಒಂದೇ ಗರಡಿಯಲ್ಲಿ ಪಳಗಿದ ಇಬ್ಬರಲ್ಲಿ ಒಬ್ಬನು ಹೊಡೆದಾಡುವವನೂ ಇನ್ನೊಬ್ಬನು ಬಿಡಿಸುವವನೂ ಆಗುವುದು ಹೇಗೆ?

ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿಯೂ, ಕೆಂಪು ರಕ್ತಕಣದಂತಹ ಕೆಲವನ್ನು ಬಿಟ್ಟರೆ, ಇರುವುದು ಹೆಚ್ಚುಕಡಿಮೆ ಒಂದೇ ಗ್ರಂಥ. ಸುಮಾರು 20,000 ಜೀನುಗಳು ಅದರ ಅಧ್ಯಾಯಗಳು. ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಅದೇ ಪ್ರತಿ. ವ್ಯತ್ಯಾಸವಿರುವುದು ಓದುವುದರಲ್ಲಿ. ಕುಮಾರವ್ಯಾಸ ಭಾರತ ಎಲ್ಲರ ಮನೆಯಲ್ಲಿಯೂ ಒಂದೇ. ಆದರೆ ಮಳೆ ಹಿಂದೆಗೆದ ವರ್ಷ ಹಳ್ಳಿಯವರು ಗಮಕಿಯಿಂದ ಓದಿಸುವುದು ವಿರಾಟಪರ್ವವನ್ನು. ಉಳಿದ ಪರ್ವಗಳು ಅಳಿಸಿಹೋಗುವುದಿಲ್ಲ. ಆ ದಿನ ಮುಚ್ಚಿರುತ್ತವೆ, ಅಷ್ಟೆ. ಜೀವಕೋಶದಲ್ಲಿ ಈ ಗಮಕಿಯ ಕೆಲಸ ಮಾಡುವ ಪ್ರೋಟೀನುಗಳನ್ನು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳೆಂದು ಕರೆಯುತ್ತಾರೆ. ಅವು ಡಿಎನ್‌ಎ ಎಂಬ ಗ್ರಂಥದ ಗೊತ್ತಾದ ಅಕ್ಷರಗಳ ಮೇಲೆ ಕುಳಿತು, ಇಂತಹ ಜೀನಿನ ಪ್ರತಿ ತೆಗೆಯಿರಿ, ಇಂತಹುದನ್ನು ಮುಚ್ಚಿಡಿರಿ ಎಂದು ವಿಧಿಸುತ್ತವೆ. ಮನುಷ್ಯನಲ್ಲಿ ಇಂತಹ ಗಮಕಿಗಳು ಸುಮಾರು 1,600. ಬಿಡಿಸುವ ಕಣದ ಗಮಕಿ ಯಾರು ಎಂಬುದೇ ಉಳಿದ ಪ್ರಶ್ನೆ.

ಅದರ ಉತ್ತರ ಸ್ಕರ್ಫಿ ಮರಿಗಳಲ್ಲಿ ಅಡಗಿತ್ತು. ಸಿಯಾಟಲ್ ನಗರದ ಬಳಿಯ ಬಾತೆಲ್‌ನಲ್ಲಿ, ಒಂದು ಔಷಧ ಕಂಪೆನಿಯಲ್ಲಿದ್ದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಆ ಮರಿಗಳ ದೋಷವನ್ನು ಹುಡುಕಹೊರಟರು. ಗಂಡುಮರಿಗಳೇ ಸಾಯುತ್ತಿದ್ದುದರಿಂದ ದೋಷ ಎಕ್ಸ್ ಕ್ರೋಮೊಸೋಮಿನಲ್ಲಿ ಇರಬೇಕೆಂಬುದು ಸ್ಪಷ್ಟವಾಗಿತ್ತು. ಅದರಲ್ಲಿ ಸುಮಾರು 17 ಕೋಟಿ ಅಕ್ಷರಗಳು! ಇಂದು ಯಂತ್ರಗಳು ಮಾಡಿಮುಗಿಸುವ ಕೆಲಸಕ್ಕೆ ಆಗ ವರ್ಷಗಳು ಹಿಡಿದವು. ಜರಡಿ ಹಿಡಿದು ಹಿಡಿದು ಸುಮಾರು 5 ಲಕ್ಷ ಅಕ್ಷರಗಳ ಒಂದು ತುಂಡಿಗೆ ಬಂದರು. ಅದರೊಳಗೆ 20 ಜೀನುಗಳು. ಒಂದೊಂದನ್ನೇ ಆರೋಗ್ಯವಂತ ಇಲಿಯ ಜೀನಿನೊಡನೆ ತಾಳೆ ನೋಡಿದರು. ಹತ್ತೊಂಬತ್ತರಲ್ಲಿಯೂ ದೋಷ ಕಾಣಲಿಲ್ಲ. ಕೊನೆಯದಾದ ಇಪ್ಪತ್ತನೆಯದರಲ್ಲಿ ಎರಡೇ ಎರಡು ಅಕ್ಷರಗಳು ಹೆಚ್ಚಿಗೆ ಸೇರಿದ್ದವು. ಹಸ್ತಪ್ರತಿಗಳನ್ನು ತಾಳೆ ನೋಡಿದವರಿಗೆ ಈ ಸಂಕಟವೂ ಈ ಸಂತೋಷವೂ ಅಪರಿಚಿತವಲ್ಲ. ಆ ಎರಡಕ್ಷರಗಳಿಂದ ಮುಂದಿನ ಪಾಠವೆಲ್ಲ ಕೆಟ್ಟು, ಡಿಎನ್‌ಎಯನ್ನು ಹಿಡಿಯಬೇಕಾದ ಭಾಗವೇ ಇಲ್ಲದ ಮೋಟು ಪ್ರೋಟೀನು ತಯಾರಾಗುತ್ತಿತ್ತು. ಆ ಜೀನಿಗೆ ‘ಫಾಕ್ಸ್‌ಪಿ-3’ ಎಂದು ಹೆಸರಾಯಿತು.

ಇಲಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹುಟ್ಟಿದ ಕೆಲವೇ ವಾರಗಳಿಗೆ ನಿಲ್ಲದ ಭೇದಿ, ಇಸಬು, ಎಳೆಗೂಸಿಗೇ ಮಧುಮೇಹ — ಇಷ್ಟೂ ಒಟ್ಟಿಗೆ ಮುತ್ತುವ ಒಂದು ಅಪರೂಪದ ರೋಗವಿದೆ. ಬರುವುದು ಗಂಡುಮಕ್ಕಳಿಗೆ. ಒಂದೇ ತಾಯಿಯ ಗಂಡುಕೂಸುಗಳು ಒಂದರ ಹಿಂದೊಂದು ತೀರಿಕೊಂಡ ಮನೆಗಳಿದ್ದವು. ಅಂತಹ ಮನೆಯ ತಾಯಿ ತನ್ನ ಹಾಲನ್ನೋ ಹಣೆಬರಹವನ್ನೋ ಹಳಿದುಕೊಂಡಿದ್ದರೆ ಆಶ್ಚರ್ಯವೇನು? 2001ರಲ್ಲಿ ಆ ಮಕ್ಕಳಲ್ಲಿಯೂ ಅದೇ ಜೀನು ಕೆಟ್ಟಿರುವುದು ಗೊತ್ತಾಯಿತು. ತಾಯಿ ಆರೋಗ್ಯವಾಗಿರುವುದರ ಗುಟ್ಟೂ ಬಿಡಿಸಿತು. ಹೆಂಗಸಿಗೆ ಎಕ್ಸ್ ಕ್ರೋಮೊಸೋಮುಗಳು ಎರಡು. ಪ್ರತಿ ಕೋಶದಲ್ಲಿಯೂ ಒಂದು ಮುಚ್ಚಿ ಇನ್ನೊಂದು ತೆರೆದಿರುತ್ತದೆ. ಯಾವ ಕಣಗಳಲ್ಲಿ ಒಳ್ಳೆಯ ಪ್ರತಿ ತೆರೆದಿದೆಯೋ ಅವೇ ಬಿಡಿಸುವ ಕಣಗಳಾಗಿ ಅವಳ ಮೈಯನ್ನು ಕಾಯುತ್ತವೆ. ಮಗನಿಗಿರುವುದು ಒಂದೇ ಪ್ರತಿ. ಇಂದು ಇಂತಹ ಮಗುವಿಗೆ ಇನ್ನೊಬ್ಬರ ಅಸ್ಥಿಮಜ್ಜೆಯನ್ನು ಕೊಟ್ಟು ಗುಣಪಡಿಸಲು ಸಾಧ್ಯ. ದಾನಿಯ ಮಜ್ಜೆ ಪೂರ್ತಿಯಾಗಿ ನೆಲೆಯೂರಲೇಬೇಕೆಂದಿಲ್ಲ. ಬಿಡಿಸುವವರು ಕೆಲವರು ಸಿಕ್ಕರೂ ಜಗಳ ನಿಲ್ಲುತ್ತದೆ.

2003ರಲ್ಲಿ ಎರಡು ದಾರಿಗಳೂ ಕೂಡಿದವು. ಸಕಾಗುಚಿಯವರ ಕಣಗಳ ಗಮಕಿ ಫಾಕ್ಸ್‌ಪಿ-3 ಎಂದು ಸಿದ್ಧವಾಯಿತು. ಹೊಡೆದಾಡುವ ಸಾಮಾನ್ಯ ಟಿ-ಕಣದೊಳಕ್ಕೆ ಈ ಜೀನನ್ನು ಸೇರಿಸಿದರೆ ಅದು ಕೂಡ ಬಿಡಿಸುವ ಕಣದಂತೆ ನಡೆಯತೊಡಗಿತು. ವಾಲ್ಮೀಕಿಯಾದ ಬೇಡನ ಕಥೆ ಕೇಳಿ ಬೆಳೆದವರಿಗೂ ಇದು ತುಸು ಅತಿಯೆನಿಸೀತು. ಆದರೆ ಪ್ರಯೋಗ ನಿಜ.

ಇದರ ಒಳಗುಟ್ಟು ಇನ್ನೂ ಸೊಗಸಾಗಿದೆ. ಶತ್ರು ಬಂದನೆಂಬ ಕೂಗು ಕೇಳಿದೊಡನೆ ಟಿ-ಕಣದಲ್ಲಿ ‘ಎನ್‌ಫ್ಯಾಟ್’ ಎಂಬ ಬೇರೊಬ್ಬ ಗಮಕಿ ಗ್ರಂಥದ ಬಳಿಗೆ ಓಡುತ್ತಾನೆ. ಸಾಮಾನ್ಯ ಕಣದಲ್ಲಿ ಅವನಿಗೆ ಸಿಕ್ಕುವ ಜೊತೆಗಾರ ‘ಎಪಿ-1’. ಇಬ್ಬರೂ ಸೇರಿ ಇಂಟರ್‌ಲ್ಯೂಕಿನ್-2 ಎಂಬ ರಸದ ಜೀನನ್ನು ತೆರೆಯುತ್ತಾರೆ. ಟಿ-ಕಣಗಳ ಪಡೆ ಬೆಳೆಯುವುದು ಆ ರಸದಿಂದ. ಬಿಡಿಸುವ ಕಣದಲ್ಲಿ ಅದೇ ಎನ್‌ಫ್ಯಾಟಿಗೆ ಫಾಕ್ಸ್‌ಪಿ-3 ಜೊತೆಯಾಗುತ್ತದೆ. ಆಗ ರಸದ ಜೀನು ಮುಚ್ಚುತ್ತದೆ. ರಸವನ್ನು ಹಿಡಿಯುವ ಬೊಗಸೆಯ ಜೀನು ತೆರೆಯುತ್ತದೆ. ತಾನು ಹನಿಯಷ್ಟೂ ಮಾಡದೆ, ಸುತ್ತಲಿನವರು ಮಾಡಿದ್ದನ್ನೆಲ್ಲ ಹೀರಿ ಅವರ ಆರ್ಭಟವನ್ನು ಇಳಿಸುವುದು ಈ ಕಣದ ಉಪಾಯಗಳಲ್ಲಿ ಒಂದು. ಆ ಬೊಗಸೆಯೇ, 1995ರಲ್ಲಿ ಸಕಾಗುಚಿಯವರು ಗುರುತೆಂದು ಹಿಡಿದ ಸಿಡಿ-25.

2025ರ ಅಕ್ಟೋಬರ್ 6ರಂದು ಸಕಾಗುಚಿ, ಬ್ರಂಕೋ, ರಾಮ್ಸ್‌ಡೆಲ್ ಮೂವರಿಗೂ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಘೋಷಿತವಾಯಿತು. ಬ್ರಂಕೋ ಅವರು ಸ್ವೀಡನ್ನಿನ ಸಂಖ್ಯೆಯಿಂದ ಬಂದ ಕರೆಯನ್ನು ಯಾರದೋ ಕಾಟವೆಂದೆಣಿಸಿ ಮತ್ತೆ ನಿದ್ದೆಹೋದರು. ಛಾಯಾಗ್ರಾಹಕನೊಬ್ಬ ಬಾಗಿಲಿಗೆ ಬಂದು, ನಾಯಿ ಬೊಗಳಿದ ಮೇಲೆ ಸುದ್ದಿ ತಿಳಿಯಿತು. ರಾಮ್ಸ್‌ಡೆಲ್ ಹೆಂಡತಿಯೊಡನೆ ಕಾಡುಬೆಟ್ಟಗಳ ಪ್ರವಾಸದಲ್ಲಿದ್ದರು, ಫೋನು ಮೌನವಾಗಿತ್ತು. ಹಿಂತಿರುಗುವ ದಾರಿಯಲ್ಲಿ ತನ್ನ ಫೋನಿಗೆ ಬಂದು ಬಿದ್ದ ನೂರಾರು ಅಭಿನಂದನೆಗಳನ್ನು ಕಂಡು ಆಕೆ ಚೀರಿದರು. ಕರಡಿಯೇ ಬಂತೆಂದು ಅವರು ಬೆಚ್ಚಿದರು. ಕರಡಿ ಇರಲಿಲ್ಲ.