ಮೊದಲ ‘ಸಾ’ ಯಾರ ಮುಂದೆ?

ಧಾರವಾಡ. ಶನಿವಾರ ಸಂಜೆ ನಾಲ್ಕೂವರೆ. ಮಳೆ ಈಗಷ್ಟೇ ನಿಂತಿದೆ, ಸುಭಾಷ್ ರಸ್ತೆಯ ಅಂಗಡಿಗಳ ತಗಡಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ನಿಮ್ಮ ಕೈ ಹಿಡಿದುಕೊಂಡು ಎಂಟು ವರ್ಷದ ಮಗಳು ಕೆಸರು ದಾಟುತ್ತಾಳೆ. ಊಟಕ್ಕೆ ಕೂತರೂ ಹಾಡು, ಜಡೆ ಹಾಕಿಸಿಕೊಳ್ಳುವಾಗಲೂ ಹಾಡು. ‘ಈಕೀನ್ನ ಎಲ್ಲ್ಯರ ಹಾಡಿನ ಕ್ಲಾಸಿಗೆ ಹಾಕ್ರಿ’ ಎಂದು ಪಕ್ಕದ ಮನೆಯ ಅಜ್ಜಿ ಹೇಳುತ್ತಲೇ ಇದ್ದರು. ಇವತ್ತು ಹೊರಟಿದ್ದೀರಿ.

ಮೊದಲ ಶಾಲೆ ಮಹಡಿಯ ಮೇಲಿದೆ. ಮೆಟ್ಟಿಲು ಹತ್ತುವಾಗಲೇ ಗೋಡೆಯ ತುಂಬ ಫೋಟೋಗಳು: ಶಾಲು ಹೊದ್ದವರು, ಫಲಕ ಹಿಡಿದ ಮಕ್ಕಳು, ವೇದಿಕೆಯ ಮೇಲೆ ಒಂದೇ ಬಣ್ಣದ ಸೀರೆಯುಟ್ಟ ಹುಡುಗಿಯರು. ಒಳಗೆ ಜಮಖಾನೆಯ ಮೇಲೆ ಇಪ್ಪತ್ತೈದಕ್ಕೂ ಹೆಚ್ಚು ಮಕ್ಕಳು ಒತ್ತೊತ್ತಾಗಿ ಕೂತಿದ್ದಾರೆ. ಮೇಷ್ಟ್ರು ಪೇಟಿ ನುಡಿಸುತ್ತಿದ್ದಾರೆ, ಆಗಸ್ಟ್ ಹದಿನೈದಕ್ಕೆ ಒಂದು ದೇಶಭಕ್ತಿ ಗೀತೆ ತಯಾರಾಗುತ್ತಿದೆ. ನಿಮ್ಮ ಮಗಳು ಬಾಗಿಲಲ್ಲೇ ನಿಂತು ದನಿಗೂಡಿಸುತ್ತಾಳೆ. ಮೇಜಿನ ಹಿಂದೆ ಕೂತವರು ರಸೀದಿ ಪುಸ್ತಕ ತೆಗೆಯುತ್ತಾ ಹೇಳುತ್ತಾರೆ, ‘ವರ್ಷಕ್ಕ ಎರಡು ಪ್ರೋಗ್ರಾಂ ಇರ್ತಾವ್ರಿ. ಪರೀಕ್ಷಾಕ್ಕೂ ಕೂಡ್ರಸ್ತೇವಿ.’

ಈಗ ಮೂರನೇ ಸಾಲಿನ ಆ ಹುಡುಗನನ್ನು ನೋಡಿ. ಬಾಯಿ ಆಡುತ್ತಿದೆ, ಆದರೆ ಸ್ವರ ಬೇರೆಲ್ಲೋ ಇದೆ. ಅವನ ಪಕ್ಕದವಳು ಅವನನ್ನು ಮುಳುಗಿಸುವಷ್ಟು ಜೋರಾಗಿ ಹಾಡುತ್ತಿದ್ದಾಳೆ. ಮೇಷ್ಟ್ರು ಹಿಡಿದಿರುವುದು ಕಾಳಿ ಏಕ್, ಅದು ಅವರ ಗಂಟಲಿಗೆ ಅನುಕೂಲವಾದ ಶ್ರುತಿ. ತಾರ ಷಡ್ಜ ಬಂದಾಗ ಮಕ್ಕಳ ಕುತ್ತಿಗೆಯ ನರ ಉಬ್ಬುತ್ತವೆ. ಅದು ಹಾಡಾಗಿ ಉಳಿಯುವುದಿಲ್ಲ, ಕೂಗಾಗುತ್ತದೆ. ಪೇಟಿಯ ಸದ್ದಿನಲ್ಲಿ ಯಾರಿಗೂ ಯಾರ ದನಿಯೂ ಕೇಳುತ್ತಿಲ್ಲ. ಆ ಹುಡುಗ ಹೀಗೇ ಎರಡು ವರ್ಷ ಹಾಡಿದರೆ ತಪ್ಪು ಸ್ವರವೇ ಅವನ ಕಿವಿಗೆ ಸರಿಯಾಗಿ ಕೇಳತೊಡಗುತ್ತದೆ. ಆಮೇಲೆ ತಿದ್ದುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

‘ಯೋಚನೆ ಮಾಡಿ ಬರ್ತೇವಿ’ ಎಂದು ಕೆಳಗಿಳಿಯುತ್ತೀರಿ. ಮಗಳಿಗೆ ಬೇಸರ. ಅವಳಿಗೆ ಆ ಗದ್ದಲ ಹಿಡಿಸಿತ್ತು.

ಪರೀಕ್ಷೆ, ಪಠ್ಯಕ್ರಮ, ತರಗತಿ ಎಂದರೆ ಮೂಗು ಮುರಿಯುವ ರಸಿಕರು ನಮ್ಮಲ್ಲಿ ಬಹಳ ಜನ. ನಾನು ಆ ಗುಂಪಿನವನಲ್ಲ. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದರಿಂದಲೇ ಘರಾಣೆಯ ಹೊಸ್ತಿಲು ದಾಟಲಾಗದ ಎಷ್ಟೋ ಮನೆಗಳ ಮಕ್ಕಳಿಗೆ ವಿದ್ಯೆ ಸಿಕ್ಕಿತು. ಪ್ರಾರಂಭಿಕದಿಂದ ವಿಶಾರದದವರೆಗಿನ ಪರೀಕ್ಷೆಗಳು ಇವತ್ತಿಗೂ ಮಕ್ಕಳಿಗೆ ಒಂದು ದಾರಿ ತೋರಿಸುತ್ತವೆ. ಆದರೆ ಪ್ರಮಾಣಪತ್ರ ಹೇಳುವುದು ಮಗು ಯಾವ ರಾಗಗಳನ್ನು ಮುಗಿಸಿದೆ ಎಂಬುದನ್ನು. ಅದರ ಕಿವಿ ತಯಾರಾಗಿದೆಯೇ ಎಂಬುದು ಆ ಕಾಗದದಲ್ಲಿ ಇರುವುದಿಲ್ಲ.

ರಿಕ್ಷಾ ಮಾಳಮಡ್ಡಿಯ ಓಣಿಯೊಂದರಲ್ಲಿ ನಿಲ್ಲುತ್ತದೆ. ಹಂಚಿನ ಮನೆ, ಬೋರ್ಡಿಲ್ಲ. ಹೊರಗೆ ಆರು ಜೊತೆ ಸಣ್ಣ ಚಪ್ಪಲಿಗಳು. ‘ಬರ್ರಿ, ಒಳಗ ಬರ್ರಿ. ಅಲ್ಲೇ ಗ್ವಾಡಿಗೆ ಆನಿಕಿ ಕೂಡ್ರಿ’ ಎಂದು ಹಾಡು ಕಲಿಸುವ ಬಾಯಾರು ಕಣ್ಣಲ್ಲೇ ಜಾಗ ತೋರಿಸುತ್ತಾರೆ. ಅವರ ಕೈ ತಂಬೂರಿಯ ಮೇಲಿದೆ. ಪಂಚಮದ ತಂತಿ, ನಡುವೆ ಜೋಡಿ, ಕೊನೆಗೆ ಖರ್ಜ. ಬುರುಡೆಗೆ ಕಿವಿ ಹಚ್ಚಿ ಬಿರಡೆ ತಿರುವುತ್ತಾರೆ, ಕುದುರೆಯ ಮೇಲೆ ತಂತಿಯಡಿಯ ದಾರವನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಮಕ್ಕಳು ಸುಮ್ಮನೆ ಕಾಯುತ್ತಾರೆ. ಈ ಕಾಯುವಿಕೆಯನ್ನು ವ್ಯರ್ಥವೆಂದುಕೊಳ್ಳಬೇಡಿ, ಪಾಠ ಶುರುವಾಗಿಯೇ ಬಿಟ್ಟಿದೆ. ತಂತಿ ಕೂಡಿದ ಕ್ಷಣ ಇಡೀ ಕೋಣೆ ಝೇಂಕರಿಸುತ್ತದೆ. ಮೂಲೆಯ ಪುಟ್ಟ ಹುಡುಗಿ, ಯಾರೂ ಕೇಳದೆಯೇ, ‘ಹಾಂ, ಕೂಡ್ತು’ ಅನ್ನುತ್ತಾಳೆ.

ಒಬ್ಬೊಬ್ಬರಾಗಿ ‘ಸಾ’ ಹಚ್ಚುತ್ತಾರೆ. ಒಬ್ಬನ ಸ್ವರ ಚೂರು ಇಳಿಯುತ್ತದೆ. ಬಾಯಾರು ಬೈಯುವುದಿಲ್ಲ, ತಾವು ಹಾಡಿಯೂ ತೋರಿಸುವುದಿಲ್ಲ. ‘ತಂಬೂರಿ ಕೇಳು, ಅಲ್ಲೇ ಅದ’ ಅನ್ನುತ್ತಾರೆ. ಹುಡುಗ ನಿಲ್ಲಿಸುತ್ತಾನೆ, ಕೇಳುತ್ತಾನೆ, ಮತ್ತೆ ಹಚ್ಚುತ್ತಾನೆ. ಈ ಸಲ ದನಿ ತಂತಿಯೊಳಗೆ ಕರಗಿಹೋಗುತ್ತದೆ. ಸಂಗೀತ ಬಾರದ ನಿಮಗೂ ಅದು ಗೊತ್ತಾಗುತ್ತದೆ. ಆಮೇಲೆ ಪಲ್ಟಾ, ಆಮೇಲೆ ಭೂಪದ ಐದೇ ಸ್ವರಗಳು. ತೀನತಾಲದ ಹದಿನಾರು ಮಾತ್ರೆಗಳನ್ನು ಕೈಯಲ್ಲಿ ಎಣಿಸುತ್ತಾ, ಒಂಬತ್ತನೆಯದಕ್ಕೆ ಖಾಲಿಯೆಂದು ಅಂಗೈ ಮಗುಚುತ್ತಾರೆ.

ಗೋಡೆಯ ಮೇಲೆ ಇರುವುದು ಒಂದೇ ಫೋಟೋ, ಸವಾಯಿ ಗಂಧರ್ವರದು. ಗದಗ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಗ್ವಾಲಿಯರ್ ಕಂಡು ಜಲಂಧರದವರೆಗೂ ಹೋಗಿದ್ದರು. ‘ನಿಮ್ಮ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರೆ, ಅಲ್ಲಿಗೆ ಹೋಗು’ ಎಂಬ ಸಲಹೆ ಅವರಿಗೆ ಸಿಕ್ಕಿದ್ದು ಅಲ್ಲಿ, ವಿನಾಯಕರಾವ್ ಪಟವರ್ಧನರಿಂದ. ಅಷ್ಟು ದೂರ ಸುತ್ತಿದ ಹುಡುಗನಿಗೆ ಗುರು ಸಿಕ್ಕಿದ್ದು ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ. ಗಂಗೂಬಾಯಿ ಹಾನಗಲ್ಲರೂ ಹುಬ್ಬಳ್ಳಿಯಿಂದ ರೈಲು ಹಿಡಿದು ಅದೇ ಊರಿಗೆ ಪಾಠಕ್ಕೆ ಹೋಗುತ್ತಿದ್ದರು. ಜೋಶಿಯವರಿಗೆ ಕುಂದಗೋಳದ ದಾರಿ ತೋರಿಸಿದ್ದು ಸಂಗೀತ ಬಲ್ಲವರ ಒಂದು ಮಾತು. ನೀವೂ ಕೇಳುವುದಾದರೆ, ಈಗಾಗಲೇ ಕಲಿಯುತ್ತಿರುವ ಮಕ್ಕಳ ತಾಯಂದಿರನ್ನು ಕೇಳಿ.

‘ಬಾ ಪುಟ್ಟಿ, ಇಲ್ಲೆ ಕೂಡು.’ ನಿಮ್ಮ ಮಗಳ ಸರದಿ. ಅವಳು ಸಿನಿಮಾ ಹಾಡೊಂದನ್ನು ಹಾಡುತ್ತಾಳೆ. ಬಾಯಾರು ಪೂರ್ತಿ ಕೇಳುತ್ತಾರೆ, ನಡುವೆ ತಡೆಯುವುದಿಲ್ಲ. ಪೇಟಿ ಎಳೆದುಕೊಂಡು ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಹುಡುಕಿ ‘ಕಾಳಿ ಪಾಂಚದಾಗ ಆರಾಮ ಕೂಡ್ತದ ಈಕಿ ದನಿ’ ಅನ್ನುತ್ತಾರೆ. ಮಗುವಿಗೆ ಹೊಂದುವ ಶ್ರುತಿ ಹುಡುಕಲು ಹಿಡಿದದ್ದು ಐದು ನಿಮಿಷ. ಹಿಂದಿನ ಶಾಲೆಯಲ್ಲಿ ಆ ಐದು ನಿಮಿಷ ಯಾರ ಬಳಿಯೂ ಇರಲಿಲ್ಲ.

‘ಪರೀಕ್ಷಾ ಯಾವಾಗ್ರಿ?’ ಎಂದು ನೀವು ಕೇಳುತ್ತೀರಿ.

‘ಮದಲ ಸಾ ನಿಲ್ಲಲಿ ಅಕ್ಕಾರ. ದಿನಾ ಮುಂಜಾನೆ ಮೊಬೈಲಿನಾಗ ತಂಬೂರಿ ಹಚ್ಚಿ ಹತ್ತು ಮಿನಿಟು ಕೂಡ್ರಸ್ರಿ. ನೀವೂ ಬಾಜೂಕ ಕೂಡ್ರಿ.’

ಹಾಗೆಂದು ಬೋರ್ಡಿಲ್ಲದ ಹಳೆಯ ಮನೆಗಳೆಲ್ಲ ಒಳ್ಳೆಯವು, ದೊಡ್ಡ ಸಂಸ್ಥೆಗಳೆಲ್ಲ ಕೆಟ್ಟವು ಎಂದು ತೀರ್ಮಾನಿಸಬೇಡಿ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಟ್ಟಿ ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧರಿಗೆ, ಬಡ ಮಕ್ಕಳಿಗೆ ಅನ್ನ, ಆಸರೆ ಕೊಟ್ಟು ಕಲಿಸಿದ ಸಂಸ್ಥೆ. ಅಲ್ಲಿಂದ ಎಷ್ಟು ಗಾಯಕರು, ಎಷ್ಟು ವಾದಕರು ಬಂದರು! ಇತ್ತ, ಮನೆಪಾಠದ ಹೆಸರಿನಲ್ಲಿ ಟಿವಿ ನೋಡುತ್ತಾ ಕಲಿಸುವವರೂ ಇದ್ದಾರೆ. ಕಟ್ಟಡ ಯಾವುದಾದರೇನು, ಮಗು ಒಂಟಿಯಾಗಿ ಹಾಡುವಾಗ ಅದನ್ನು ಕೇಳುವ ಕಿವಿಯೊಂದು ಅಲ್ಲಿರಬೇಕು.

ಆದ್ದರಿಂದ ಶಾಲೆಯ ವಾರ್ಷಿಕೋತ್ಸವ ನೋಡಿ ಮಾರುಹೋಗಬೇಡಿ. ವಾರದ ನಡುವಿನ ಒಂದು ಸಾದಾ ದಿನ, ತೀರ ಹೊಸ ಮಕ್ಕಳ ಪಾಠದ ಹೊತ್ತಿಗೆ ಹೋಗಿ, ಮುಗಿಯುವವರೆಗೂ ಕೂತು ನೋಡಿ. ಕೂರಲು ಬಿಡದ ಶಾಲೆಗೆ ನಿಮ್ಮ ಮಗುವನ್ನು ಸೇರಿಸಬೇಡಿ.