ಸೆಕೆಗೊಂದು ಬಾಗಿಲು

ನಮ್ಮ ಕನ್ನಡದಲ್ಲಿ ಗ್ಯಾರೇಜು ಎಂದರೆ ಕಾರು ಕೆಟ್ಟಾಗ ಹೋಗುವ ಜಾಗ. ರಾತ್ರಿ ಅದು ಮಲಗುವ ಜಾಗ ಶೆಡ್ಡು. ಇದು ಗೊತ್ತಿದ್ದೂ ನಾನು ತೀರ್ಥಹಳ್ಳಿಯ ಚಿಕ್ಕಪ್ಪನಿಗೆ ಫೋನಿನಲ್ಲಿ, 'ಗ್ಯಾರೇಜಿಗೆ ಬಾಗಿಲು ಹಾಕಿಸ್ತಾ ಇದ್ದೀನಿ' ಎಂದುಬಿಟ್ಟೆ. ಚಿಕ್ಕಪ್ಪ ಒಂದು ಗಳಿಗೆ ಸುಮ್ಮನಿದ್ದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, 'ಗ್ಯಾರೇಜು ಯಾವಾಗ ತೆರೆದಿದ್ದೆ ಮಾರಾಯ? ತುಂಬಾ ಲುಕ್ಸಾನಾಯ್ತಾ?' ಎಂದು ಕೇಳಿದರು.

ಲುಕ್ಸಾನು ಆದದ್ದು ನಿಜ, ಆದರೆ ಅದು ಗೆದ್ದಲಿನಿಂದ. ಅಪ್ಪ ಬ್ಯಾಂಕಿನ ಕೆಲಸಕ್ಕೆಂದು ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರಕ್ಕೆ ಬಂದವನು, ವರ್ಗವಾದೀತೆಂದು ಕಾಯುತ್ತ ಕಾಯುತ್ತ 1981ರಲ್ಲಿ ಇಲ್ಲೇ ಮನೆ ಕಟ್ಟಿಸಿದ. ಮನೆಯ ಪಕ್ಕಕ್ಕೆ, ಪಡುವಣಕ್ಕೆ ಮುಖಮಾಡಿ, ಹೆಂಚಿನ ಶೆಡ್ಡು. ಅದರ ಎರಡು ಕದದ ಬಾಗಿಲನ್ನು ಮಾಡಿದ ಆಶಾರಿ ಅಳತೆ ಹೇಳುತ್ತಿದ್ದುದು ಕೋಲಿನಲ್ಲಿ. ಒಂದು ಕೋಲಿಗೆ 24 ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು 72 ಸೆಂಟಿಮೀಟರು. ಅಪ್ಪ ಅಡಿಯಲ್ಲಿ ಕೇಳುವುದು, ಅವನು ಕೋಲಿನಲ್ಲಿ ಹೇಳುವುದು. ಕೊನೆಗೆ ಇಬ್ಬರೂ ಸೇರಿ ಪ್ರೀಮಿಯರ್ ಪದ್ಮಿನಿಯನ್ನೇ ಒಳಗೆ ತಳ್ಳಿ, ಎರಡು ಕಡೆಯೂ ಒಂದೊಂದು ಆಳು ನಿಂತು, 'ಮದಿ, ಮದಿ', ಸಾಕು ಸಾಕು, ಎಂದಲ್ಲಿಗೆ ಅಗಲ ನಿಶ್ಚಯವಾಯಿತಂತೆ. ಮರ ಆಞ್ಞಿಲಿ, ಎಂದರೆ ನಮ್ಮ ಮಲೆನಾಡಿನ ಹೆಬ್ಬಲಸು. ಆಲಪ್ಪುಳದ ಕಡೆ ಓಣಂ ಹೊತ್ತಿಗೆ ಪಂದ್ಯ ಓಡುವ ಹಾವುದೋಣಿಗಳನ್ನು ಕಟ್ಟುವುದೂ ಇದೇ ಮರದಲ್ಲಿ. ಮೊದಲ ಮಳೆಗಾಲಕ್ಕೇ ಕದಗಳು ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡಾಗ ಅಪ್ಪ ಆಶಾರಿಯನ್ನು ಕರೆಸಿ ಕೇಳಿದನಂತೆ. 'ದೋಣಿಯ ಮರವಲ್ಲವೇ ಸ್ವಾಮಿ, ನೀರು ಕಂಡರೆ ಹೊರಡೋಣ ಅನ್ನಿಸುತ್ತದೆ' ಎಂದು ಅವನು ಬೀಡಿ ಹಚ್ಚಿದ.

ಆಮೇಲೆ ಅಪ್ಪ ತಾನೇ ಒಂದು ಹತ್ತರಿ ಕೊಂಡುಕೊಂಡ. ಪ್ರತಿ ಜೂನಿನಲ್ಲಿ, ಇಡವಪ್ಪಾದಿಯ ಮಳೆ ಹಿಡಿದು ವಾರಕ್ಕೆ, ಕದಗಳು ಕೂಡುವ ಅಂಚನ್ನು ಒಂದಿಷ್ಟು ಕೆರೆಯುವನು. ಮಾರ್ಚಿನ ಬಿಸಿಲಿಗೆ ಮರ ಸೊರಗಿದಾಗ ಕೆರೆದಷ್ಟೂ ಸಂದು ಬಿಡುವುದು. ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಮಾತ್ರ ಉಬ್ಬುತ್ತದೆ ಎಂದು ನನಗೆ ಪಾಠ ಹೇಳುವಾಗ ಅವನ ಕಣ್ಣು ತನ್ನ ಹೊಟ್ಟೆಯ ಕಡೆಗೂ ಒಮ್ಮೆ ಹೋಗಿ ಬರುತ್ತಿತ್ತು. ಮೂವತ್ತು ಮಳೆಗಾಲ ಹೀಗೆ ಕೆರೆದ ಮೇಲೆ ಬೇಸಿಗೆಯಲ್ಲಿ ನಡುವಿನ ಸಂದಿನಿಂದ ಬೆಕ್ಕೊಂದು ಬಸುರಿಯಾಗಿದ್ದಾಗಲೂ ಮೈ ತಾಗಿಸದೆ ದಾಟುತ್ತಿತ್ತು. ಒಳಮೈಯಲ್ಲಿ ಪೆನ್ಸಿಲಿನ ಬರಹ: ಆಯಿಲ್ ಬದಲು, ಬ್ಯಾಟರಿ ನೀರು, 'ಇಂದು ಮಳೆ ಶುರು', ಮತ್ತೆ ಆಯಿಲ್. ಡೈರಿ ಬರೆಯದ ಮನುಷ್ಯ ಬಾಗಿಲಿನ ಮೇಲೆ ಬರೆದುಕೊಂಡಿದ್ದ.

ಆ ಬಾಗಿಲು ಕೂಗುತ್ತಿತ್ತು. ಕಿರುಗುಟ್ಟುತ್ತಿತ್ತು ಎಂದರೆ ಸಾಲದು; ಹಟ್ಟಿಯಲ್ಲಿ ಹೊತ್ತುಮೀರಿದ ದನ ಕೂಗಿದ ಹಾಗೆ, ಮೊದಲು ಸಣ್ಣಗೆ, ಆಮೇಲೆ ಉದ್ದಕ್ಕೆ. ಎಷ್ಟು ಎಣ್ಣೆ ಬಿಟ್ಟರೂ ಎರಡು ದಿನ ಮೌನ, ಮೂರನೆಯ ದಿನ ಮತ್ತೆ ಅದೇ. ಸಂಜೆ ಆರೂಕಾಲಿಗೆ ಅದು ಕೂಗಿದರೆ ಅಡುಗೆಮನೆಯಿಂದ ಅಮ್ಮ 'ಬಂದ್ರಾ?' ಎಂದು ಕೇಳುತ್ತಿದ್ದಳು, ಕಾಫಿಗೆ ನೀರು ಏರುತ್ತಿತ್ತು. ಬಂದದ್ದು ಗೊತ್ತಿದ್ದೇ ಕೇಳುವ ಪ್ರಶ್ನೆ ಅದು. ಅಪ್ಪನೂ 'ಹ್ಞೂಂ, ಬಂದೆ' ಎಂದು ಅಂಗಳದಿಂದಲೇ ಉತ್ತರ ಕೊಡುತ್ತಿದ್ದ. ಅಪ್ಪ ಹೋದದ್ದು 2016ರಲ್ಲಿ. ಅದಾದ ಮೇಲೂ ನಾನು ಕಾರು ಇಟ್ಟು ಬರುವಾಗ ಒಳಗಿನಿಂದ 'ಬಂದ್ರಾ?' ಎಂಬ ದನಿ ಬರುತ್ತಿತ್ತು. ನನಗೆ ಎಂದೂ ಬಹುವಚನ ಕೊಟ್ಟವಳಲ್ಲ. ನಾನೂ ತಿದ್ದಲು ಹೋಗಲಿಲ್ಲ, 'ಹ್ಞೂಂ' ಎನ್ನುತ್ತಿದ್ದೆ.

ಕಳೆದ ವರ್ಷ ಬಲಗಡೆಯ ಕದ ಬುಡದಲ್ಲಿ ಬೆಣ್ಣೆಯಂತೆ ಮೆತ್ತಗಾಗಿ, ಕೀಲು ಕಳಚಿ, ಕಾರಿನ ಬೆನ್ನಿಗೆ ಆತುಕೊಂಡಿತು. ಆಶಾರಿಯ ಮಗ ಬಂದು ಉಳಿಯಿಂದ ಚುಚ್ಚಿದರೆ ಉಳಿಯ ಹಿಡಿಯೇ ಒಳಗೆ ಹೋಯಿತು. ಅವನು ತನ್ನಪ್ಪನ ಕೆಲಸವನ್ನು ಸ್ವಲ್ಪ ಹೊತ್ತು ಸವರಿ ನೋಡಿ, ಇಂಥ ಮರವೂ ಈಗ ಸಿಗುವುದಿಲ್ಲ, ಸಿಕ್ಕರೂ ನಾನು ಮಾಡೆನು, ಷಟರ್ ಹಾಕಿಸಿ ಎಂದ.

ಷಟರಿನ ಅಂಗಡಿಗೆ ಹೋದ ಮೇಲೆ ತಿಳಿದದ್ದು, ಲೋಕದಲ್ಲಿ ಬಾಗಿಲುಗಳು ಎಷ್ಟು ಬಗೆಯವು ಎಂದು. ತಗಡಿನದು, ಅಲ್ಯೂಮಿನಿಯಂನದು, ಮರದ ಬಣ್ಣ ಬಳಿದುಕೊಂಡ ತಗಡಿನದು, ಮಡಿಚಿಕೊಂಡು ಮಾಡಿನಡಿಗೆ ಏರುವ ಹಲಗೆಗಳದು. ಗೇಜು ಎಂಬ ತಲೆಕೆಳಗಿನ ಲೆಕ್ಕವೊಂದಿದೆ: ಸಂಖ್ಯೆ ಇಳಿದಷ್ಟೂ ತಗಡು ದಪ್ಪ. 22 ಕೇಳಿ ಹೆಚ್ಚು ಗಟ್ಟಿಯೆಂದು ಹಿಗ್ಗಿದ ನನ್ನನ್ನು ಅಂಗಡಿಯಾತ ಕನಿಕರದಿಂದ ನೋಡಿ 18ರ ಕಡೆಗೆ ಬೆರಳು ತೋರಿಸಿದ. ಉಕ್ಕಿಗೆ ಹತ್ತರಿ ಬೇಡ. 9 ಅಡಿ ಅಗಲದ ಪಟ್ಟಿ 25 ಡಿಗ್ರಿ ಬಿಸಿಯೇರಿದರೂ ಒಂದು ಮಿಲಿಮೀಟರಿನಷ್ಟೂ ಉಬ್ಬುವುದಿಲ್ಲ. ಕಾಯಲ್, ಎಂದರೆ ಹಿನ್ನೀರಿನ, ಕಡೆಯ ಉಪ್ಪುಗಾಳಿಗೆ ತುಕ್ಕು ಹಿಡಿಯದ ಹಾಗೆ ಮೇಲೆ ಸತುವಿನ ಲೇಪ, ಅದರ ಮೇಲೆ ಬಣ್ಣದ ಪುಡಿಯನ್ನು ಕಾಯಿಸಿ ಅಂಟಿಸಿದ ಪದರ.

ಕ್ಯಾಲ್ಗರಿಯಲ್ಲಿರುವ ಮಗನಿಗೆ ಇದೊಂದೂ ಹಿಡಿಸಲಿಲ್ಲ. ಅಲ್ಲಿ ಚಳಿಗಾಲಕ್ಕೆ ಸೊನ್ನೆಯ ಕೆಳಗೆ 30ರ ವರೆಗೂ ಇಳಿಯುವುದುಂಟು. ಅವನ ಶೆಡ್ಡಿನ ಬಾಗಿಲಿನ ಹೊಟ್ಟೆಯಲ್ಲಿ ಎರಡಂಗುಲ ದಪ್ಪದ ನೊರೆ ತುಂಬಿದೆ. 'ಅಪ್ಪಾ, ಆರ್-ವ್ಯಾಲ್ಯೂ ನೋಡು. ಚಳಿಯಾದರೇನು, ಶಾಖವಾದರೇನು, ತಡೆಯೋದೇ ಕೆಲಸ' ಎಂದು ಫೋನಿನ ಪರದೆಯ ಮೇಲೆ ತನ್ನ ಬಾಗಿಲನ್ನು ಏರಿಸಿ ಇಳಿಸಿ ತೋರಿಸಿದ. ಶಬ್ದವೇ ಇಲ್ಲ; ಹಿಮದ ಮೇಲೆ ರೆಪ್ಪೆ ಮುಚ್ಚಿದ ಹಾಗೆ.

ಅವನಿಗೆ ನಾನು ಹೇಗೆ ವಿವರಿಸಲಿ? ಬಿಸಿಲು ಬೇರೆ, ಸೆಕೆ ಬೇರೆ. ಬಿಸಿಲು ಹೊರಗಿನಿಂದ ಬರುತ್ತದೆ, ಅದಕ್ಕೆ ಕೊಡೆ ಇದೆ, ಬಿಳಿ ಬಣ್ಣವಿದೆ, ನೊರೆ ತುಂಬಿದ ಬಾಗಿಲಿದೆ. ಕೊಚ್ಚಿಯಲ್ಲಿ ಉಷ್ಣಾಂಶ 36 ಡಿಗ್ರಿ ದಾಟುವುದೇ ಅಪರೂಪ. ರಾಯಚೂರಿನವರು ಕೇಳಿದರೆ ನಕ್ಕಾರು. ಆದರೆ ಇಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಉಪ್ಪಿನ ಮರಿಗೆ ತಾನೇ ಅಳುತ್ತದೆ. ಆಗುಂಬೆಯ ಮಳೆಯಡಿ ಬೆಳೆದ ಅಮ್ಮ ಇಲ್ಲಿನ ಮಳೆಗೆ ಹೆದರಲಿಲ್ಲ. ಸೆಕೆಗೆ ಮಾತ್ರ ನಾಲ್ಕು ದಶಕವಾದರೂ ಸೆರಗು ಬೀಸುತ್ತಲೇ ಇದ್ದಾಳೆ. ಇಂಥಲ್ಲಿ ಶೆಡ್ಡಿಗೆ ಗಾಳಿಯಾಡದ ಬಾಗಿಲು ಜಡಿದರೆ ಸೀಟಿನ ಮೇಲೆ ಬೂಷ್ಟು ಬಂದು, ಕಾರು ಉಪ್ಪಿನಕಾಯಿಯಾಗುತ್ತದೆ. ಅಪ್ಪ ಮೂವತ್ತು ವರ್ಷ ತಪ್ಪಿ ಕೆರೆದನೆಂದು ನಾವು ನಗುತ್ತಿದ್ದ ಆ ಬೆಕ್ಕಿನ ಸಂದಿನಿಂದಲೇ ಪದ್ಮಿನಿ ಉಸಿರಾಡಿದ್ದು. ಅಕ್ಕಪಕ್ಕದ ಹೊಸ ಮನೆಗಳಿಗೆ ಬಾಗಿಲೇ ಇಲ್ಲ, ಬರೀ ಪೋರ್ಚು, ಅವರೇ ಜಾಣರಿರಬಹುದು. ನಾನು ಕೊನೆಗೆ ತೂತಿನ ಪಟ್ಟಿಗಳ ಷಟರ್ ಆರಿಸಿದೆ. ಪಡುವಣ ಬಿಸಿಲಿಗೆ ಕಂದು ಬೇಡವೆಂದು ಕೆನೆಬಣ್ಣ. ಭುಜನೋವಿಗೆಂದು ಒಂದು ಮೋಟಾರು.

ಅತ್ತಚ್ಚಮಯದ ಜಾತ್ರೆಯ ಮರುದಿನ ಷಟರ್ ಬಂತು. ಹಿಂದೆ ಕೊಚ್ಚಿಯ ರಾಜರು ಪರಿವಾರದೊಡನೆ ಹೊರಡುತ್ತಿದ್ದ ಮೆರವಣಿಗೆ ಅದು, ಈಗ ಊರಿನದು. ಬೀದಿಯಲ್ಲಿ ಇನ್ನೂ ಹೂವಿನೆಸಳು ಒದ್ದೆಯಾಗಿ ಬಿದ್ದಿದ್ದವು. ಲಾರಿಯಿಂದ ಸುರುಳಿಯನ್ನು ನಾಲ್ವರು ಇಳಿಸಿದರು. ಕೆಲಸ ಮಾಡದೆ ನಿಂತು ನೋಡಿದ್ದಕ್ಕೆ ಕೇಳುವ ನೋಕ್ಕುಕೂಲಿಯನ್ನು ಇಲ್ಲಿನ ಸರ್ಕಾರ 2018ರ ಮೇ 1ರಂದು ರದ್ದು ಮಾಡಿದೆ. ಆ ದಿನ ಪೂರ್ತಿ ನಿಂತು ನೋಡಿದವನು ನಾನೊಬ್ಬನೇ. ನನಗೆ ಯಾರೂ ಏನೂ ಕೊಡಲಿಲ್ಲ.

ಕೂರಿಸಲು ಬಂದವನು ಮುರ್ಷಿದಾಬಾದಿನ ಹುಡುಗ. ಗೋಡೆಗೆ ರಂಧ್ರ ಕೊರೆದು, ಎರಡು ಬದಿಗೂ ಹಳಿ ನಿಲ್ಲಿಸಿ, ತೂಗುಗುಂಡು ಇಳಿಬಿಟ್ಟು ಒಂದೇ ಕಣ್ಣಿನಲ್ಲಿ ನೋಡುತ್ತಿದ್ದ. ಮೇಲೆ ದಂಡಕ್ಕೆ ಸುರುಳಿ ಏರಿಸಿ, ಸ್ಪ್ರಿಂಗನ್ನು ಸುತ್ತು ಲೆಕ್ಕಹಾಕಿ ಬಿಗಿಯುವಾಗ ಮಾತ್ರ ನನ್ನನ್ನು ದೂರ ನಿಲ್ಲಿಸಿದ. ನಮ್ಮಿಬ್ಬರ ನಡುವಿನ ಭಾಷೆ ಮಲಯಾಳ. ಅವನದು ನನ್ನದಕ್ಕಿಂತ ಚುರುಕು. ಚಹಾ ಕುಡಿಯುವಾಗ, ಒಳಗೆ ಅಮ್ಮನೊಡನೆ ನಾನಾಡಿದ ಕನ್ನಡ ಕಿವಿಗೆ ಬಿದ್ದು, 'ನಾಟ್ಟಿಲ್ ಎವಿಡೆಯಾ?' ಎಂದು ಕೇಳಿದ. ಊರಿನಲ್ಲಿ ಎಲ್ಲಿ ಎಂದು. ಇದೇ ಬೀದಿಯಲ್ಲಿ ಬೆಳೆದು ತಲೆ ನರೆತವನು ನಾನು. ತೀರ್ಥಹಳ್ಳಿ ಎಂದೆ. ಅವನಿಗೆ ಸಮಾಧಾನವಾದಂತೆ ಕಂಡಿತು.

ಇಲ್ಲಿನ ಅರಮನೆ ಹಿಲ್ ಪ್ಯಾಲೇಸ್ ನೋಡಲು ಬರುವ ನೆಂಟರಿಗೆ, 'ಆಪ್ತಮಿತ್ರ'ದ ಮೂಲವಾದ 1993ರ 'ಮಣಿಚಿತ್ರತ್ತಾಳ್' ತೆಗೆದದ್ದು ಇಲ್ಲಿಯೂ ಹೌದು ಎಂದು ತೋರಿಸುವುದು ನನ್ನ ವಾಡಿಕೆ. ಬೀಗ ಹಾಕಿದ ಬಾಗಿಲನ್ನು ತೆಗೆಯಬಾರದಿತ್ತು ಎಂಬ ಕಥೆ. ಕಳಚಿದ ಕದಗಳನ್ನು ಅಂಗಳದಲ್ಲಿ ಮಲಗಿಸಿದಾಗ ನನಗೂ ಹಾಗೆಯೇ ಅನ್ನಿಸಿತು. ಬೆಳಕಿನಲ್ಲಿ ಅಪ್ಪನ ಬರಹ ಅಷ್ಟು ಸಣ್ಣದಾಗಿತ್ತು. 'ಇಂದು ಮಳೆ ಶುರು' ಎಂದಿದ್ದ ಹಲಗೆಯೊಂದನ್ನು ಕೊಯ್ಸಿ ಇಟ್ಟುಕೊಂಡೆ. ಉಳಿದದ್ದು ಸೌದೆಗೆ ಹೋಯಿತು.

ತುಲಾವರ್ಷದ, ಎಂದರೆ ಹಿಂಗಾರು ಮಳೆಯ, ಗುಡುಗಿಗೆ ಕರೆಂಟು ಹೋಗಿ ಮೋಟಾರು ಮುಷ್ಕರ ಹೂಡಿದ್ದು, ಸರಪಳಿ ಎಳೆದು ಎಳೆದು ಭುಜನೋವು ಇಮ್ಮಡಿಯಾದದ್ದು ಬೇರೆಯೇ ಕಥೆ. ಷಟರಿಗೆ ಕೂಗಲು ಬರುವುದಿಲ್ಲ. ಗುಂಯ್ ಎಂದು ಜೇನುನೊಣದಂತೆ ಏರಿ, ಟಕ್ಕೆಂದು ನಿಲ್ಲುತ್ತದೆ. ಮೊದಲ ಸಂಜೆ ಅಮ್ಮ ಗಾಬರಿಯಿಂದ, 'ಯಾರದು?' ಎಂದಳು. ಎರಡು ಮೂರು ದಿನ ಏನೂ ಕೇಳಲಿಲ್ಲ. ಆಮೇಲೊಂದು ದಿನ ನಾನು ಕಾರು ಇಟ್ಟು, ರಿಮೋಟು ಒತ್ತಿ, ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ದನಿ ಬಂತು.

'ಬಂದ್ಯಾ?'